ಡಬ್ಬಿಯಕ್ಕನ ಗುಲಾಬಿ ಮಾತ್ರೆ

ಕಾಲುವೆಯ ಪಕ್ಕದ ಗುಜರಿ ಶೆಡ್ಡಿನಲ್ಲಿ ಹದಿನೇಳು ಹೆಂಗಸರು ಕೂತು ಊರಿನ ಕಸವನ್ನು ಬೇರೆ ಬೇರೆ ಮಾಡುತ್ತಾರೆ. ಗಾಜು ಒಬ್ಬಳಿಗೆ, ತಗಡು ಒಬ್ಬಳಿಗೆ, ರದ್ದಿ ಕಾಗದ ಮೂವರಿಗೆ, ಹೀಗೆ ಹಂಚಿಕೆ. ಡಬ್ಬಿಯಕ್ಕನ ಪಾಲಿಗೆ ಬಂದದ್ದು ಮಾತ್ರೆ ಶೀಟು. ಬೇರೆಯವರು ಮುಟ್ಟುವುದಿಲ್ಲ, ಬೆರಳು ಸೀಳುತ್ತದೆ. ಶೀಟಿನ ಹಿಂದೆ ಬೆಳ್ಳಿ ಬಣ್ಣದ ತೆಳು ಹಾಳೆ, ಅದೇ ಬೇಗಡೆ, ಮುಂದೆ ಗುಳಿಗುಳಿ ಪ್ಲಾಸ್ಟಿಕ್ಕು. ಬೇಗಡೆ ಕೊಳ್ಳುವವನೇ ಬೇರೆ, ಪ್ಲಾಸ್ಟಿಕ್ಕು ಕೊಳ್ಳುವವನೇ ಬೇರೆ. ಹಾಗಾಗಿ ಒಂದೊಂದು ಶೀಟನ್ನೂ ಉಗುರಿನಿಂದ ಸುಲಿದು ಎರಡು ಚೀಲಕ್ಕೆ ತುಂಬಬೇಕು. ದಿನಕ್ಕೆ ಸಾವಿರ ಶೀಟು ಸುಲಿದರೆ ಹೆಬ್ಬೆರಳಿನ ಉಗುರು ಉಳಿಯುವುದಿಲ್ಲ. ಅವಳಿಗೂ ಉಳಿದಿರಲಿಲ್ಲ, ಪೆನ್ನಿನ ಮುಚ್ಚಳ ಕೊಯ್ದು ಬೆರಳಿಗೆ ಸಿಕ್ಕಿಸಿಕೊಂಡಿದ್ದಳು.

ಶೀಟುಗಳೆಲ್ಲ ಖಾಲಿಯಾಗಿಯೇ ಬರುವುದಿಲ್ಲ. ಯಾವುದೋ ಮನೆಯಲ್ಲಿ ಯಾರೋ ಸತ್ತರೆ ಅವರ ಮಾತ್ರೆಯೆಲ್ಲ ಒಟ್ಟಿಗೆ ಕಸದ ಬುಟ್ಟಿಗೆ ಬೀಳುತ್ತದೆ. ಯಾರಿಗೋ ವಾಸಿಯಾದರೆ ಅರ್ಧ ಶೀಟು ಉಳಿಯುತ್ತದೆ. ಸುಲಿಯುವಾಗ ಈ ಮಾತ್ರೆಗಳು ಉದುರುತ್ತವೆ. ಹೆಸರು ಬರೆದ ಬೇಗಡೆ ಚೀಲಕ್ಕೆ ಹೋಗುತ್ತದೆ, ಹೆಸರಿಲ್ಲದ ಮಾತ್ರೆ ಅಂಗೈಯಲ್ಲಿ ಉಳಿಯುತ್ತದೆ. ಅದನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡಳು, ಒಳಗೆ ಬಾಟಲಿ ಮುಚ್ಚಳಗಳನ್ನು ಅಂಟಿಸಿ ಮನೆ ಮಾಡಿದಳು. ದೊಡ್ಡ ಬಿಳಿಯದು ಜ್ವರಕ್ಕೆ. ಹಳದಿಯದು ಹೊಟ್ಟೆಗೆ. ಕೆಂಪು ಕಪ್ಪು ಕೊಳವೆಯದು ಕೀವಾದ ಗಾಯಕ್ಕೆ. ಸಣ್ಣ ಗುಲಾಬಿಯದು ರಕ್ತ ಹೆಚ್ಚಿಸೋಕೆ. ಎದುರು ಬೀದಿಯ ಔಷಧಿ ಅಂಗಡಿಯವನಿಗೆ ಒಂದೊಂದನ್ನೇ ತೋರಿಸಿ, ಅವನು ಬೈದು ಅಟ್ಟುವವರೆಗೂ ಕೇಳಿ ಕಲಿತದ್ದು.

ಹದಿನಾಲ್ಕು ವರ್ಷ ಆ ಡಬ್ಬಿಯೇ ಶೆಡ್ಡಿನ ಆಸ್ಪತ್ರೆ. ಹಾಗಂತ ನಿಜವಾದ ಆಸ್ಪತ್ರೆ ದೂರವೇನಿರಲಿಲ್ಲ, ನಡೆದರೆ ಇಪ್ಪತ್ತು ನಿಮಿಷ. ಆದರೆ ಅಲ್ಲಿ ಚೀಟಿ ಮಾಡಿಸಬೇಕು, ಚೀಟಿಗೆ ಮನೆ ನಂಬರು ಬೇಕು. ಶೆಡ್ಡಿನ ಹಿಂದಿನ ತಗಡಿನ ಮನೆಗಳಿಗೆ ನಂಬರು ಹಾಕಲು ಯಾರೂ ಬಂದಿರಲಿಲ್ಲ. ಅವಳ ಗಂಡ ಜ್ವರದಲ್ಲಿ ಮೂರು ದಿನ ಈ ಕಿಟಕಿಯಿಂದ ಆ ಕಿಟಕಿಗೆ ಅಲೆದು, ಮೂರನೆಯ ದಿನ ಸಾಲಿನಲ್ಲಿ ನಿಂತಲ್ಲೇ ಕುಸಿದು ಹೋದ. ಸಾಲಿನಲ್ಲಿ ಅವನ ಹಿಂದಿದ್ದವನು ಒಂದು ಹೆಜ್ಜೆ ಮುಂದೆ ಬಂದ, ಅಷ್ಟೇ. ಅದಾದ ಮೇಲೆ ಡಬ್ಬಿ ಬಂತು.

ಜನ ಅವಳನ್ನು ತಮಾಷೆಗೆ ಡಬ್ಬಿ ಡಾಕ್ಟ್ರು ಅನ್ನುತ್ತಿದ್ದರು. ಅವಳಿಗದು ಹೆಮ್ಮೆಯೇ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಆ ಹೆಮ್ಮೆ ಒಂದೇ ದಿನದಲ್ಲಿ ಇಳಿದುಹೋಯಿತು. ಇಳಿಸಿದ್ದು ಅವಳ ಓರಗಿತ್ತಿ.

ಗಂಡನ ತಮ್ಮನ ಹೆಂಡತಿ ಈ ಓರಗಿತ್ತಿ. ಶೆಡ್ಡಿನಲ್ಲಿ ರದ್ದಿ ಕಾಗದ ಆರಿಸುತ್ತಿದ್ದಳು. ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಅಂತ. ಬೆಳಿಗ್ಗೆ ಕೂತಾಗ ಶುರುವಾದ ಬಾಯಿ ಸಂಜೆ ಏಳುವವರೆಗೆ ನಿಲ್ಲುತ್ತಿರಲಿಲ್ಲ. ಹಳೇ ಪತ್ರಿಕೆಯಲ್ಲಿ ಕಂಡ ಮದುವೆಯ ಫೋಟೋ, ಕೊಲೆಯ ಸುದ್ದಿ, ಪಕ್ಕದವಳ ಮಗಳ ಓಡಾಟ, ಎಲ್ಲ ಒಂದೇ ಉಸಿರಿನಲ್ಲಿ. ಓರಗಿತ್ತಿಯರಿಬ್ಬರಿಗೂ ಬಾಗಿಲ ಬಳಿಯ ಜಾಗದ ಮೇಲೆ ಕಣ್ಣು. ಶೆಡ್ಡಿನಲ್ಲಿ ಬೆಳಕು ಬೀಳುವುದು ಅಲ್ಲಿ ಮಾತ್ರ. ಆ ಜಾಗಕ್ಕಾಗಿ ಸೋಮವಾರ ದೊಡ್ಡ ಜಗಳವೇ ಆಯಿತು. ಹದಿನೈದು ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದಾಗ ಡಬ್ಬಿಯಕ್ಕ ಚೀರಿದಳು:

"ನೀನು ಕಣ್ಣು ಮುಚ್ಚಿದ ದಿನವೇ ಕಣೇ ಈ ಶೆಡ್ಡಿಗೆ ನೆಮ್ಮದಿ!"

"ಮುಚ್ಚಲ್ಲ ಅಕ್ಕಾ, ನಿನ್ನ ಕಣ್ಣಿಗೆ ಕಸ ಬೀಳೋದನ್ನ ನೋಡ್ಕೊಂಡೇ ಇರ್ತೀನಿ," ಎಂದಳು ರೇಡಿಯೋ.

ಎಲ್ಲರೂ ನಕ್ಕರು. ಎರಡು ದಿನ ಮಾತಿಲ್ಲ.

ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ರೇಡಿಯೋ ತಾನಾಗಿಯೇ ಬಂದು ಮುಂದೆ ಕುಕ್ಕರಿಸಿದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಕಣ್ಣು ಕತ್ತಲೆ ಬರ್ತಿದೆ. ಮುಟ್ಟು ನಿಂತೇ ಇಲ್ಲ, ಒಂಬತ್ತು ದಿನ ಆಯ್ತು. ಏನಾದ್ರೂ ಕೊಡು."

"ಬೆಳಿಗ್ಗೆ ಏನು ತಿಂದೆ?"

"ಟೀ ಕುಡ್ದೆ. ನೀನೇನು ಡಾಕ್ಟ್ರಾ, ತಿಂದಿದ್ದು ಉಂಡಿದ್ದು ಕೇಳೋಕೆ? ಮಾತ್ರೆ ಕೊಡು ಸಾಕು."

ಸೋತು ಬಂದವಳ ಮುಂದೆ ಡಬ್ಬಿಯಕ್ಕ ದೊಡ್ಡವಳಾದಳು. ಗುಲಾಬಿಯ ಮುಚ್ಚಳದಲ್ಲಿ ಹಳೆಯ ಮಾತ್ರೆ ಮುಗಿದು, ಹಿಂದಿನ ದಿನ ಉದುರಿಸಿದ್ದು ಮಾತ್ರ ಇತ್ತು. ಅಂಗೈಗೆ ಹಾಕಿಕೊಂಡಾಗ ಒಂದು ಕ್ಷಣ ಅನ್ನಿಸಿತು, ಇದು ಯಾಕೋ ಸ್ವಲ್ಪ ಚಿಕ್ಕದು. ಬಣ್ಣ ಮಾತ್ರ ಅದೇ ಗುಲಾಬಿ. ಚಿಕ್ಕದಾದರೆ ಎರಡು ಕೊಟ್ಟರಾಯಿತು ಅಂದುಕೊಂಡು ಎರಡು ಕೊಟ್ಟಳು. ಜಗಳ ಮರೆತದ್ದಕ್ಕೆ ಗುರುತು ಎಂಬಂತೆ ಇನ್ನೊಂದನ್ನೂ ಸೇರಿಸಿದಳು. ರೇಡಿಯೋ ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದಳು.

ಹತ್ತೂವರೆ ಆಗಿರಬೇಕು. ಶೆಡ್ಡಿನಲ್ಲಿ ಏನೋ ಇಲ್ಲ ಅಂತ ಅನ್ನಿಸಿ ಡಬ್ಬಿಯಕ್ಕ ತಲೆಯೆತ್ತಿದಳು. ಗಾಜಿನ ಸದ್ದಿತ್ತು, ತಗಡಿನ ಸದ್ದಿತ್ತು. ರೇಡಿಯೋ ಸದ್ದಿರಲಿಲ್ಲ.

ಅವಳು ಕಾಗದದ ರಾಶಿಗೆ ಒರಗಿ ಕೂತಿದ್ದಳು. ಕತ್ತಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೈಯಲ್ಲಿದ್ದ ಪತ್ರಿಕೆ ಗಡಗಡ ನಡುಗುತ್ತಿತ್ತು.

"ಲೇ, ಏನಾಯ್ತೇ?"

ರೇಡಿಯೋ ಅವಳನ್ನು ನೋಡಿದಳು. ಗುರುತಿಲ್ಲದವರನ್ನು ನೋಡುವ ನೋಟ. "ಬಸ್ಸು... ಬಸ್ಸಿಗೆ ಬಾಗಿಲೇ ಇಲ್ಲ," ಅಂದಳು, ನಾಲಿಗೆ ದಪ್ಪವಾದಂತೆ. ಆಮೇಲೆ ಪಕ್ಕಕ್ಕೆ ವಾಲಿದಳು.

ಡಬ್ಬಿಯಕ್ಕ ಅವಳನ್ನು ಹಿಡಿದುಕೊಂಡಳು. ಮೊದಲು ಬಂದದ್ದು ಓರಗಿತ್ತಿಯ ಯೋಚನೆಯಲ್ಲ, ತನ್ನದೇ ಮಾತಿನ ಯೋಚನೆ. ನೀನು ಕಣ್ಣು ಮುಚ್ಚಿದ ದಿನ. ಹದಿನೈದು ಜನ ಕೇಳಿದ್ದರು.

ಗಾಡಿ ಎಳೆಯುವ ಮೈದುನ, ರೇಡಿಯೋಳ ಗಂಡ, ಅದೇ ಹೊತ್ತಿಗೆ ಮಾಲು ತಂದಿದ್ದ. ಚೀಲಗಳನ್ನು ನೆಲಕ್ಕೆ ಸುರಿದು ಹೆಂಡತಿಯನ್ನು ಕೈಗಾಡಿಯ ಮೇಲೆ ಮಲಗಿಸಿದ. ಅವನು ಮುಂದೆ ಎಳೆದ, ಡಬ್ಬಿಯಕ್ಕ ಹಿಂದೆ ನೂಕಿದಳು. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳುತ್ತಿದ್ದ: "ಅತ್ತಿಗೆ, ಉಸಿರು ಇದೆಯಾ ನೋಡು." "ಇದೆ ಎಳಿ." "ಅತ್ತಿಗೆ, ನೋಡು." "ಇದೆ ಅಂದ್ನಲ್ಲ, ಎಳಿಯೋ!"

ಆಸ್ಪತ್ರೆ ಗೇಟಿನ ಕಾವಲಿನವನು ಗಾಡಿ ಕಂಡು ಕೈ ಅಡ್ಡ ಹಿಡಿದ. "ಏಯ್, ಕಸ ಒಯ್ಯೋರು ಹಿಂದಿನ ಗೇಟು."

"ಕಸ ಅಲ್ಲ ಸ್ವಾಮಿ," ಎಂದ ಮೈದುನ. "ನನ್ನ ಹೆಂಡ್ತಿ."

ಕಾವಲಿನವನು ಬಗ್ಗಿ ನೋಡಿ ಮೂಗಿಗೆ ಕೈ ಹಿಡಿದು ದಾರಿ ಬಿಟ್ಟ. ಆದರೆ ಗಾಡಿ ಒಳಗೆ ಬರಕೂಡದಂತೆ. ಇಬ್ಬರೂ ಅವಳನ್ನು ತೋಳು ಕಾಲು ಹಿಡಿದು ಎತ್ತಿಕೊಂಡು ಚೀಟಿ ಕಿಟಕಿಗೆ ಓಡಿದರು. ಕಿಟಕಿಯ ಹಿಂದಿನವನು ತಲೆ ಎತ್ತಲಿಲ್ಲ.

"ಮನೆ ನಂಬರ್?"

"ನಂಬರ್ ಇಲ್ಲ. ಕಾಲುವೆ ಪಕ್ಕ, ಗುಜರಿ ಶೆಡ್ಡಿನ ಹಿಂದೆ."

"ನಂಬರ್ ಇಲ್ದೆ ಕಂಪ್ಯೂಟರ್ ತಗೊಳ್ಳಲ್ಲ."

"ಎದುರು ಲೈಟುಕಂಬ ಇದೆ. ಕಂಬದ ನಂಬರ್ ಇದೆ, ಆಗುತ್ತಾ?"

"ಕಾಯಿಲೆ ಕಂಬಕ್ಕಾ?"

ಸಾಲಿನಲ್ಲಿ ಯಾರೋ ನಕ್ಕರು. ಡಬ್ಬಿಯಕ್ಕ ಅಲ್ಲೇ ನಿಂತುಬಿಟ್ಟಳು. ಇದೇ ಕಿಟಕಿ. ಇದೇ ಸಾಲು. ಇಲ್ಲೇ ಅವನು ಬಿದ್ದದ್ದು. ಶೆಡ್ಡಿನಲ್ಲಿ ಹದಿನಾರು ಜನಕ್ಕೆ ಅಬ್ಬರಿಸುವವಳು ಇಲ್ಲಿ ಬೆಕ್ಕಿನ ಮುಂದಿನ ಇಲಿ.

ಅಷ್ಟರಲ್ಲಿ ಟ್ರೇ ಹಿಡಿದು ಹೋಗುತ್ತಿದ್ದ ದಪ್ಪ ನರ್ಸೊಬ್ಬಳು ನಿಂತಳು. ರೇಡಿಯೋಳ ಹಣೆ ಮುಟ್ಟಿದಳು, ಒದ್ದೆ ಕೈಯನ್ನು ನೋಡಿಕೊಂಡಳು. "ನಂಬರ್ ಆಮೇಲೆ ಬರ್ಕೊಳ್ರೀ. ಇದು ಸಾಯೋ ಬೆವರು," ಎಂದು ಒಳಗೆ ಕರೆದೊಯ್ದಳು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ಸಣ್ಣ ಯಂತ್ರಕ್ಕೆ ಹಚ್ಚಿದಳು.

"ಮೂವತ್ತೆರಡು! ಡಾಕ್ಟ್ರೇ, ಸಕ್ಕರೆ ಮೂವತ್ತೆರಡು!"

ಎಳೆ ವಯಸ್ಸಿನ ಡಾಕ್ಟರ್ ಓಡಿ ಬಂದ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ನರಕ್ಕೆ ಗ್ಲೂಕೋಸು ಚುಚ್ಚಿದ. ಹತ್ತು ನಿಮಿಷ ಆಗಿರಲಿಲ್ಲ, ರೇಡಿಯೋ ಕಣ್ಣು ಬಿಟ್ಟಳು. "ಇದ್ಯಾವ ಜಾಗ? ನನ್ನ ಚಪ್ಪಲಿ ಎಲ್ಲಿ?" ಎಂದಳು. ಮೈದುನ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಡಾಕ್ಟರ್ ಬರೆಯುತ್ತಾ ಕೇಳಿದ. "ಬೆಳಿಗ್ಗೆ ಏನೂ ತಿಂದಿಲ್ವಾ? ಸಕ್ಕರೆ ಕಾಯಿಲೆ ಇದೆಯಾ?"

"ಅದೆಲ್ಲ ಇಲ್ಲ ಸಾರ್. ಒಂಬತ್ತು ದಿನದಿಂದ ರಕ್ತ ಹೋಗ್ತಿದೆ," ಎಂದ ಮೈದುನ ತಿರುಗಿ.

"ಏನಾದ್ರೂ ಮಾತ್ರೆ ತಗೊಂಡ್ರಾ?"

ರೇಡಿಯೋ ಆಗಲೇ ಪಕ್ಕದ ಮಂಚದವಳ ಕಾಯಿಲೆ ವಿಚಾರಿಸುತ್ತಿದ್ದಳು. ಪ್ರಶ್ನೆ ಅವಳ ಕಿವಿಗೆ ಬಿದ್ದಿರಲಿಲ್ಲ. ಡಾಕ್ಟರ್ ನೋಡಿದ್ದು ಡಬ್ಬಿಯಕ್ಕನ ಕಡೆಗೆ.

ಅವಳ ಕಣ್ಣ ಮುಂದೆ ಎಲ್ಲ ಒಟ್ಟಿಗೆ ಬಂತು. ಪೊಲೀಸು, ಕೈಗೆ ಬೇಡಿ, ಸೋಮವಾರದ ಮಾತಿಗೆ ಸಾಕ್ಷಿ ಹೇಳುವ ಹದಿನೈದು ಬಾಯಿ, ಮೈದುನನ ಮುಖ. ಓರಗಿತ್ತಿಗೆ ವಿಷ ಹಾಕಿದವಳು. ಎದ್ದು ಕೂತಿದ್ದಾಳಲ್ಲ, ಇನ್ನೇಕೆ?

"ಇಲ್ಲ," ಎಂದಳು.

ಡಾಕ್ಟರ್ ತಲೆಯಾಡಿಸಿದ. "ಹೊಟ್ಟೆಗಿಲ್ದೆ ರಕ್ತ ಹೋಗಿ ಹೋಗಿ ಹೀಗಾಗಿದೆ. ಮಂಚ ಬೇಕು ನಮಗೆ. ಊಟ ಮಾಡ್ಸಿ, ಕರ್ಕೊಂಡು ಹೋಗಿ."

ಎರಡು ಗಂಟೆಗೆ ಹೊರಟರು. ಗೇಟಿನ ಹೊರಗೆ ಗಾಡಿ ಹಾಗೇ ಇತ್ತು. ಯಾರೋ ಅದರೊಳಗೆ ಎರಡು ಖಾಲಿ ಬಾಟಲಿ ಎಸೆದಿದ್ದರು. ರೇಡಿಯೋ ಬ್ರೆಡ್ಡು ತಿನ್ನುತ್ತಾ ಗಾಡಿಯ ಮೇಲೆ ಕಾಲು ಚಾಚಿ ಕೂತಳು. "ನೋಡಿದ್ಯಾ ಅಕ್ಕಾ, ರಾಣಿ ಥರ ಹೋಗ್ತಿದೀನಿ. ಆ ಕಿಟಕಿ ಹತ್ರ ಇದ್ದೋನು ಏನಂದ? ಕಂಬಕ್ಕೆ ಕಾಯಿಲೆನಾ ಅಂದ್ನಾ? ನನಗೆ ಎಚ್ಚರ ಇದ್ದಿದ್ರೆ ಅವನ ಏಳು ತಲೆಮಾರು ಜಾಲಾಡ್ತಿದ್ದೆ..."

ಡಬ್ಬಿಯಕ್ಕ ಹಿಂದಿನಿಂದ ನೂಕುತ್ತಿದ್ದಳು. ಪೆಟ್ರೋಲ್ ಬಂಕಿನ ಗೋಡೆ ದಾಟಿದರು. ಗ್ಯಾರೇಜು ದಾಟಿದರು.

"...ಅವನ ಮೂತಿ ನೋಡ್ಬೇಕಿತ್ತು. ಮೂತಿ ಅಂದ್ರೆ... ಮೂತಿ... ಬಾಗಿಲು..."

ಮಾತು ನಿಂತಿತು. ಬ್ರೆಡ್ಡು ಕೈಯಿಂದ ಜಾರಿ ರಸ್ತೆಗೆ ಬಿತ್ತು. ಕತ್ತಿನ ಹಿಂದೆ ಮತ್ತೆ ಬೆವರು ಸಾಲು ಸಾಲಾಗಿ ಮೂಡುತ್ತಿತ್ತು. ಮೈದುನ ಮುಂದೆ ನೋಡಿಕೊಂಡು ಎಳೆಯುತ್ತಿದ್ದ, ಅವನಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಿದ್ದದ್ದು ಡಬ್ಬಿಯಕ್ಕನಿಗೆ ಒಬ್ಬಳಿಗೇ.

ಇಪ್ಪತ್ತು ಹೆಜ್ಜೆ ಅವಳು ಹಾಗೇ ನೂಕಿದಳು. ಕಥೆ ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಇಪ್ಪತ್ತು ಹೆಜ್ಜೆ, ಒಂದೊಂದನ್ನೂ ಎಣಿಸಬಹುದಿತ್ತು. ಆಸ್ಪತ್ರೆಗೆ ವಾಪಸ್ಸು ಹೋದರೆ ಮತ್ತೆ ಸೂಜಿ ಚುಚ್ಚುತ್ತಾರೆ, ಮತ್ತೆ ಏಳುತ್ತಾಳೆ, ನಾನೇಕೆ ಬಾಯಿ ಬಿಡಬೇಕು ಎಂದು ಮನಸ್ಸು ವಾದ ಮಾಡಿತು. ಮತ್ತೆ ಏಳದಿದ್ದರೆ? ಮತ್ತೆ ಮನೆಗೆ ಕಳಿಸಿದರೆ? ಒಳಗಿರುವುದು ಇನ್ನೂ ಒಳಗೇ ಇದ್ದರೆ? ಇಪ್ಪತ್ತೊಂದನೆಯ ಹೆಜ್ಜೆಗೆ ಅವಳು ಗಾಡಿ ಹಿಂದಕ್ಕೆ ಜಗ್ಗಿದಳು.

"ತಿರುಗ್ಸು."

"ಯಾಕೆ?"

"ತಿರುಗ್ಸು ಅಂದೆ. ಬೆಳಿಗ್ಗೆ ನಾನು ಮಾತ್ರೆ ಕೊಟ್ಟಿದೀನಿ ಅವಳಿಗೆ. ಮೂರು. ಯಾವುದು ಅಂತ ಗೊತ್ತಿಲ್ಲ."

ಮೈದುನ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಇವಳಿಗೇನಾದ್ರೂ ಆದ್ರೆ ಅತ್ತಿಗೆ..." ಎಂದ. ಮುಂದಿನದನ್ನು ನುಂಗಿ ಗಾಡಿ ತಿರುಗಿಸಿ ಓಡತೊಡಗಿದ.

ಈ ಸಲ ಕಾವಲಿನವನು ಏನೂ ಕೇಳಲಿಲ್ಲ. ದಪ್ಪ ನರ್ಸೇ ಬಾಗಿಲಲ್ಲಿ ಸಿಕ್ಕಳು. ಮತ್ತೆ ಸೂಜಿ, ಮತ್ತೆ ರಕ್ತದ ತೊಟ್ಟು. "ಇಪ್ಪತ್ತೆಂಟು," ಎಂದಳು.

ಡಾಕ್ಟರ್ ಡಬ್ಬಿಯಕ್ಕನ ಮಾತು ಕೇಳಿ ಕೈಯಲ್ಲಿದ್ದ ಪೆನ್ನು ಮೇಜಿಗೆ ಕುಕ್ಕಿದ.

"ಆಗ ಕೇಳಿದ್ನಲ್ಲ ನಾನು! ಇಲ್ಲ ಅಂದ್ರಲ್ಲ!"

"ಹೆದರ್ಕೊಂಡೆ ಸಾರ್."

"ಯಾವ ಮಾತ್ರೆ?"

"ಗುಲಾಬಿ ಬಣ್ಣದ್ದು. ರಕ್ತದ್ದು ಅಂದ್ಕೊಂಡು..."

"ಗುಲಾಬಿ ಬಣ್ಣದ್ದು ನೂರು ಥರ ಇದೆ ಅಮ್ಮಾ! ಸಕ್ಕರೆ ಇಳಿಸೋ ಮಾತ್ರೆ ಆಗಿದ್ರೆ ನಾಳೆವರೆಗೂ ಇಳೀತಾನೇ ಇರುತ್ತೆ, ಅದಕ್ಕೆ ಬೇರೆ ಔಷಧಿ ಕೊಡ್ಬೇಕು. ಬೇರೇನಾದ್ರೂ ಆಗಿದ್ರೆ ಆ ಔಷಧಿಯಿಂದ್ಲೇ ತೊಂದ್ರೆ. ಹೆಸರು ಬೇಕು ನನಗೆ. ಹೆಸರು ತನ್ನಿ."

ಹೆಸರು ಬೇಗಡೆಯ ಮೇಲಿತ್ತು. ಬೇಗಡೆ ಚೀಲದಲ್ಲಿತ್ತು. ಬುಧವಾರ ಮೂರು ಗಂಟೆಗೆ ಬೇಗಡೆಯ ಲಾರಿ ಹೊರಡುತ್ತದೆ. ಗೋಡೆ ಗಡಿಯಾರದಲ್ಲಿ ಎರಡೂವರೆ.

ಡಬ್ಬಿಯಕ್ಕ ಓಡಿದಳು. ಐವತ್ತು ದಾಟಿದ ಹೆಂಗಸು, ಮಂಡಿ ಸವೆದವಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಜನ ಕಳ್ಳಿ ಇರಬೇಕೆಂದು ತಿರುಗಿ ನೋಡಿದರು. ಶೆಡ್ಡಿನ ತಿರುವಿಗೆ ಬಂದಾಗ ಲಾರಿ ಹಿಂಬದಿಯ ಹಲಗೆ ಏರಿಸುತ್ತಿತ್ತು.

"ನಿಲ್ಲಿಸ್ರೋ! ನನ್ನ ಚೀಲ ಇಳಿಸ್ರೋ!"

ಶೆಡ್ಡಿನ ಮಾಲೀಕ ಕೈಬೀಸಿದ. "ಹುಚ್ಚು ಹಿಡಿದಿದೆಯಾ ನಿನಗೆ? ತೂಕ ಆಗಿದೆ."

ಅವಳು ಚಕ್ರದ ಮೇಲೆ ಕಾಲಿಟ್ಟು ಹತ್ತಿ ತನ್ನ ಗಂಟಿನ ಗುರುತಿದ್ದ ಮೂರು ಚೀಲಗಳನ್ನು ಕಾಲಿನಿಂದಲೇ ಕೆಳಕ್ಕೆ ಉರುಳಿಸಿದಳು. ಹಾರಿ ಇಳಿದು ಬಾಯಿ ಬಿಚ್ಚಿ ಸುರಿದಳು. ಶೆಡ್ಡಿನ ಅಂಗಳದಲ್ಲಿ ಬೆಳ್ಳಿಯ ರಾಶಿ ಬಿದ್ದಂತೆ ಹೊಳೆಯಿತು. ಸಾವಿರಾರು ಚೂರು.

"ನಿನ್ನೆಯದು. ಗುಲಾಬಿ ಮಾತ್ರೆಯ ಬೇಗಡೆ. ರೇಡಿಯೋ ಸಾಯ್ತಿದಾಳೆ, ನಾನು ಕೊಟ್ಟ ಮಾತ್ರೆಯಿಂದ. ಹುಡುಕ್ರೇ."

ಒಬ್ಬಳು ಹಿಂದೆ ಸರಿದಳು. "ಬೇಡಕ್ಕಾ. ಆಸ್ಪತ್ರೆಗೆ ಇದನ್ನೆಲ್ಲ ತೋರಿಸಿದ್ರೆ ಪೊಲೀಸ್ರು ಬರ್ತಾರೆ. ನಾವೆಲ್ಲ ತಿಂದಿದೀವಿ ನಿನ್ನ ಡಬ್ಬಿಯಿಂದ. ಶೆಡ್ಡಿಗೆ ಬೀಗ ಬೀಳುತ್ತೆ."

ಗಾಜು ಆರಿಸುವ ಅಜ್ಜಿ, ಎರಡು ಬೆರಳು ಕಳೆದುಕೊಂಡವಳು, ಆಗಲೇ ರಾಶಿಯ ಪಕ್ಕ ಕೂತಿದ್ದಳು. "ಬೀಗ ಬಿದ್ರೆ ಬೀಳ್ಲಿ. ಬಾಯಿ ಮುಚ್ಚಿ ಕೈ ಹಾಕ್ರೇ."

ಕೂತರು. ಕಸ ಬೇರ್ಪಡಿಸುವುದು ಇವರಿಗೆ ಯಾರೂ ಕಲಿಸಬೇಕಿಲ್ಲ. ಡಬ್ಬಿಯಕ್ಕ ಡಬ್ಬಿಯಲ್ಲಿ ಉಳಿದಿದ್ದ ಗುಲಾಬಿ ಮಾತ್ರೆಗಳನ್ನು ಒಬ್ಬೊಬ್ಬರ ಕೈಗೆ ಒಂದರಂತೆ ಕೊಟ್ಟಳು. ಮಾತ್ರೆ ಕೂತಿದ್ದ ಜಾಗದಲ್ಲಿ ಬೇಗಡೆಯ ಮೇಲೆ ಉಂಗುರದಂಥ ಅಚ್ಚು ಉಳಿದಿರುತ್ತದೆ. ಮಾತ್ರೆಯನ್ನು ಆ ಅಚ್ಚಿನ ಮೇಲೆ ಇಟ್ಟು ನೋಡಬೇಕು. ಉಂಗುರ ದೊಡ್ಡದಾದರೆ ಆಚೆ, ಉದ್ದವಾದರೆ ಆಚೆ, ಸರಿಯಾಗಿ ಕೂತರೆ ಮಡಿಲಿಗೆ. ಮಾತಿಲ್ಲ. ಬೇಗಡೆಯ ಸರಪರ ಸದ್ದು ಮಾತ್ರ. ಲಾರಿಯವನು ಹಾರನ್ ಹೊಡೆದ. ಯಾರೂ ತಿರುಗಿ ನೋಡಲಿಲ್ಲ. ಡಬ್ಬಿಯಕ್ಕ ಒಂದೇ ಅಚ್ಚಿನ ಮೇಲೆ ತನ್ನ ಮಾತ್ರೆಯನ್ನು ಮೂರು ಸಲ ಇಟ್ಟು ತೆಗೆದಳು. ಅಜ್ಜಿ ಅದನ್ನು ಕಿತ್ತುಕೊಂಡಳು. "ನೀನು ಸುರಿ, ನಾನು ಕೂರಿಸ್ತೀನಿ."

ಅರ್ಧ ಗಂಟೆಗೆ ನಾಲ್ಕು ಚೂರು ಉಳಿದವು. ಎರಡಕ್ಕೆ ಗುಲಾಬಿ ಪುಡಿ ಅಂಟಿತ್ತು. ಎರಡರ ಮೇಲೂ ಒಂದೇ ಥರದ ಇಂಗ್ಲಿಷ್ ಅಕ್ಷರಗಳು. ಅದೇನೆಂದು ಓದಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಚೂರನ್ನೂ ಡಬ್ಬಿಯನ್ನೂ ಎದೆಗೊತ್ತಿಕೊಂಡು ಅವಳು ಮತ್ತೆ ಓಡಿದಳು.

ಡಾಕ್ಟರ್ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧ ಹೆಸರು ಹರಿದುಹೋಗಿತ್ತು, ಇನ್ನರ್ಧ ಸಾಕಾಯಿತು. "ಸಕ್ಕರೆ ಕಾಯಿಲೆಯದ್ದೇ," ಎಂದ ನರ್ಸಿಗೆ. "ಮೂರು ಮಾತ್ರೆ, ಖಾಲಿ ಹೊಟ್ಟೆಗೆ. ಮಂಚ ಕೊಡಿ. ಡ್ರಿಪ್ಪು ನಿಲ್ಲಿಸ್ಬೇಡಿ. ಗಂಟೆಗೊಂದು ಸಲ ಬೆರಳು ಚುಚ್ಚಿ." ಆಮೇಲೆ ಡಬ್ಬಿಯಕ್ಕನ ಕಡೆ ತಿರುಗಿ, ಮೊದಲಿಗಿಂತ ಮೆತ್ತಗೆ, "ಇದನ್ನ ಹೇಗೆ ಹುಡುಕಿದ್ರಿ?" ಎಂದ.

"ಅದೇ ನಮ್ಮ ಕೆಲಸ ಸಾರ್."

"ಪೊಲೀಸರಿಗೆ ಬರೀಲೇಬೇಕು ನಾನು. ಗೊತ್ತಾಯ್ತಾ?"

ಗೊತ್ತಾಯಿತು. ಗೋಡೆಗೊರಗಿ ನೆಲದ ಮೇಲೆ ಕೂತಳು.

ನರ್ಸು ಬಂದು ಪಕ್ಕದಲ್ಲೇ ಕುಕ್ಕರಿಸಿ ಡಬ್ಬಿ ತೆರೆದಳು. ಒಂದೊಂದು ಮುಚ್ಚಳವನ್ನೂ ಬೆರಳಿನಿಂದ ಕೆದಕಿದಳು. "ಇದು ಜ್ವರದ್ದು, ಸರಿ. ಈ ಹಳದಿಯಲ್ಲಿ ಮೂರು ಬೇರೆ ಬೇರೆ ಇದೆ. ಇದು ಹೃದಯದ್ದು. ಇದು ನಿದ್ದೆದು. ಇದನ್ನ ಬಸುರಿಗೆ ಕೊಟ್ರೆ ಮಗು ಹೋಗುತ್ತೆ. ಯಾರ್ಯಾರಿಗೆ ಕೊಟ್ಟಿದೀಯ?"

ಡಬ್ಬಿಯಕ್ಕ ಹಳದಿಯ ಮುಚ್ಚಳವನ್ನೇ ನೋಡಿದಳು. ಮೂರು ವರ್ಷದ ಹಿಂದೆ ತಗಡು ಆರಿಸುತ್ತಿದ್ದ ಮುದುಕನಿಗೆ ಹೊಟ್ಟೆಯುರಿಗೆಂದು ಹಳದಿ ಕೊಟ್ಟಿದ್ದಳು. ಎರಡು ದಿನಕ್ಕೆ ಅವನು ಕೂತಲ್ಲೇ ಹೋಗಿದ್ದ. ವಯಸ್ಸಾಗಿತ್ತು ಅಂದಿದ್ದರು ಎಲ್ಲರೂ. ವಯಸ್ಸಾಗಿತ್ತೋ, ಹಳದಿಯೋ? ಇನ್ನು ಯಾರನ್ನು ಕೇಳುವುದು? ಆ ಭಯ ಇವತ್ತಿಗೂ ಅವಳನ್ನು ಬಿಟ್ಟಿಲ್ಲ. ಮುಂದೆ ಹದಿನೇಳು ಹೆಂಗಸರು ಚೀಟಿ ಕಿಟಕಿಯ ಎದುರು ಎರಡು ದಿನ ಕೂತು, ಕಾಲುವೆ ಪಕ್ಕದ ವಿಳಾಸವನ್ನು ಕಂಪ್ಯೂಟರಿಗೆ ತುರುಕಿಸಿದರು. ಇದೇ ನರ್ಸು ಗುರುವಾರಕ್ಕೊಮ್ಮೆ ಶೆಡ್ಡಿಗೆ ಬರುವಂತಾಯಿತು. ಅವತ್ತು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಡಬ್ಬಿಯಕ್ಕ. ಧೈರ್ಯದಿಂದ ಕೂಗಿದಳು ಎನ್ನುತ್ತಾರೆ ಜನ. ಅದು ಧೈರ್ಯವಲ್ಲ.

ಆದರೆ ಆ ಬುಧವಾರ ಮುಗಿದಿರಲಿಲ್ಲ. ನಲವತ್ತು ಮಂಚಕ್ಕೆ ಇಬ್ಬರೇ ನರ್ಸು. ದಪ್ಪ ನರ್ಸು ಸ್ಪಷ್ಟವಾಗಿ ಹೇಳಿದಳು: "ನಾನು ಗಂಟೆಗೊಂದು ಸಲ ಬರ್ತೀನಿ. ಮಧ್ಯೆ ನೋಡ್ಕೊಳ್ಳೋದು ನೀನು. ಬೆವರು ಬಂದ್ರೆ ಕೂಗು. ಮಾತು ತೊದಲಿದ್ರೆ ಕೂಗು. ಮಾತು ನಿಂತ್ರೆ ಓಡಿ ಬಾ. ಎಚ್ಚರ ಇರೋವಾಗ ಮಾತಾಡಿಸ್ತಾನೇ ಇರು."

ನಾಲ್ಕು ಗಂಟೆಗೆ ರೇಡಿಯೋ ಕಣ್ಣು ಬಿಟ್ಟಳು. ಮೈದುನ ಬಗ್ಗಿ ಕಿವಿಯಲ್ಲಿ ಎಲ್ಲ ಹೇಳಿದ. ಅವಳು ನಿಧಾನಕ್ಕೆ ತಲೆ ತಿರುಗಿಸಿ ಓರಗಿತ್ತಿಯನ್ನು ನೋಡಿದಳು.

"ನೀನಾ?"

"ನಾನೇ."

"ಮೂರು?"

"ಮೂರು."

"ಲೇ, ನಿನ್ನ ಕೈಗೆ ಹುಳ ಬೀಳ! ಎರಡು ಸಾಲ್ದು ಅಂತ ಮೂರು ಕೊಟ್ಯಾ? ಉದಾರಿ! ಒಂದು ದಿನ ಒಂದು ಚಮಚ ಸಾರು ಜಾಸ್ತಿ ಹಾಕ್ದವಳಲ್ಲ ನೀನು, ವಿಷ ಮಾತ್ರ ಧಾರಾಳ!"

ವಾರ್ಡೆಲ್ಲ ತಿರುಗಿತು. ಡಬ್ಬಿಯಕ್ಕ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ಬಗ್ಗಿ ಓರಗಿತ್ತಿಯ ಕತ್ತನ್ನು ಮುಟ್ಟಿ ನೋಡಿದಳು. ಒಣಗಿತ್ತು.

"ಬಯ್ಯಿ," ಎಂದಳು. "ನಿಲ್ಲಿಸ್ಬೇಡ."

ಐದಕ್ಕೆ ಪೇದೆಯೊಬ್ಬ ಪುಸ್ತಕ ಹಿಡಿದು ಬಂದ. ಡಬ್ಬಿಯಕ್ಕ ಎದ್ದು ನಿಂತಳು. ಪೇದೆ ರೇಡಿಯೋಳನ್ನು ಕೇಳಿದ, "ಮಾತ್ರೆ ಯಾರು ಕೊಟ್ಟಿದ್ದು? ಇವಳಾ? ಬೇಕಂತ ಕೊಟ್ಟಳಾ? ಸೋಮವಾರ ಜಗಳ ಆಗಿತ್ತಂತಲ್ಲ?"

ಶೆಡ್ಡಿನಿಂದ ಮಾತು ಆಗಲೇ ಇಲ್ಲಿಗೆ ಬಂದುಬಿಟ್ಟಿತ್ತು. ರೇಡಿಯೋ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಮೌನದಲ್ಲಿ ಡಬ್ಬಿಯಕ್ಕನ ಜೀವ ಬಾಯಿಗೆ ಬಂತು. ಜೈಲಿನದೊಂದು ಹೆದರಿಕೆ, ಮಾತು ನಿಂತಿದ್ದರದು ಇನ್ನೊಂದು. ಯಾವುದು ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ. ಕೈ ತಾನಾಗಿಯೇ ಓರಗಿತ್ತಿಯ ಕತ್ತಿನತ್ತ ಹೋಯಿತು.

"ಕೈ ತೆಗಿ, ಯೋಚನೆ ಮಾಡ್ತಿದೀನಿ," ಎಂದಳು ರೇಡಿಯೋ. ಆಮೇಲೆ ಪೇದೆಗೆ, "ನಾನೇ ಹೋಗಿ ಕೇಳಿ ಇಸ್ಕೊಂಡೆ. ಹಲ್ಲುನೋವು ಬಂದ್ರೆ ನೀನೆಲ್ಲಿ ಹೋಗ್ತೀಯ? ಇಲ್ಲಿಗೆ. ನಮಗೆ ಇಲ್ಲಿ ಚೀಟಿ ಕೊಡಲ್ಲ, ಇವಳತ್ರ ಹೋಗ್ತೀವಿ. ಜಗಳ ಆಗಿತ್ತು, ನಾಳೆನೂ ಆಗುತ್ತೆ. ಬರ್ಕೋ."

ಪೇದೆ ಬರೆದುಕೊಂಡ. ಮತ್ತೆ ಬರುತ್ತೇನೆ ಎಂದು ಹೋದ. ಬಂದನೋ ಇಲ್ಲವೋ, ಬರುತ್ತೇನೆ ಅಂದ ಮಾತೊಂದೇ ಅವಳನ್ನು ತಿಂಗಳುಗಟ್ಟಲೆ ಕಾಡಿತು.

ಆಮೇಲೆ ರೇಡಿಯೋ ಬಿಟ್ಟಲ್ಲಿಂದ ಹಿಡಿದಳು. ಮದುವೆಯಾಗಿ ಬಂದ ದಿನ ಡಬ್ಬಿಯಕ್ಕ ತನಗೆ ಮುರಿದ ಬಾಚಣಿಗೆ ಕೊಟ್ಟದ್ದರಿಂದ ಶುರುಮಾಡಿ ಒಂದೊಂದೇ ವರ್ಷದ ಲೆಕ್ಕ ತೆಗೆದಳು. ಎರಡು ಸಲ ಮಾತು ತೊದಲಿತು. ಎರಡು ಸಲವೂ ಡಬ್ಬಿಯಕ್ಕ ವಾರ್ಡು ಅದುರುವಂತೆ ಕೂಗಿದಳು. ನರ್ಸು ಓಡಿ ಬಂದಳು, ಅಂಕಿ ಇಳಿದಿತ್ತು, ಡ್ರಿಪ್ಪು ಜೋರು ಮಾಡಿದಳು. ಮತ್ತೆ ಬೈಗುಳ ಹತ್ತಿತು. ಮಲಗಬೇಕಾದವರು ಮಲಗಲಿಲ್ಲ. ಪಕ್ಕದ ಮಂಚದವಳು, "ನಿಮ್ಮ ಜಗಳ ಕೇಳಿ ನನಗೇ ಸಕ್ಕರೆ ಏರ್ತಿದೆ," ಎಂದಳು.

ಬೆಳಕು ಹರಿದಾಗ ಅಂಕಿ ತೊಂಬತ್ತರಲ್ಲಿತ್ತು. ನರ್ಸು ಅಂಕಿಯನ್ನು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ರೇಡಿಯೋ ಐದನೆಯ ವರ್ಷದ ಜಗಳಕ್ಕೆ ಬಂದಿದ್ದಳು, ತಗಡಿನ ಮಾಡು ಸೋರಿದ ವಿಚಾರ. ಅರ್ಧ ವಾಕ್ಯಕ್ಕೆ ಮಾತು ನಿಂತಿತು.

ಡಬ್ಬಿಯಕ್ಕ ಚಂಗನೆ ಎದ್ದಳು. ಕತ್ತು ಮುಟ್ಟಿದಳು. ಹಣೆ ಮುಟ್ಟಿದಳು. "ಲೇ! ಲೇ, ಮಾತಾಡೇ!" ನರ್ಸನ್ನು ಕೂಗಲು ಬಾಯಿ ತೆರೆದಳು.

ರೇಡಿಯೋ ಒಂದು ಕಣ್ಣು ಬಿಟ್ಟಳು.

"ನೀರು ಕೊಡು," ಎಂದಳು. "ಗಂಟಲು ಒಣಗಿದೆ. ಇನ್ನೂ ಹನ್ನೊಂದು ವರ್ಷ ಬಾಕಿ ಇದೆ."